ಗೊಂಬೆಗೆ ಹಚ್ಚಿದ ಬೆಂಕಿ

(ಭಟ್ಕಳದಿಂದ ಕುಮಟೆಗೆ ಹೊರಟ ಬಸ್ಸು. ಕಿಟಕಿ ಪಕ್ಕ ತಂಗಿಯ ಮಗಳು, ಈಚೆ ಸೋದರಮಾವ. ಮದುವೆಮನೆಯಲ್ಲಿ ಹಿಂದಿನ ರಾತ್ರಿ ಟಿವಿ ಮುಂದೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ.)

— ಮಾವ, ಅಷ್ಟು ಜನರ ಎದುರಿಗೆ ‘ಆಪ್ತರಕ್ಷಕ ಒಂದು ಸಿನಿಮಾವೇ ಅಲ್ಲ’ ಅಂದುಬಿಟ್ಟಿರಲ್ಲ. ಅರ್ಧಕ್ಕೇ ಎದ್ದು ಕವಳ ಹಾಕಲಿಕ್ಕೆ ಹೋದವರು ತೀರ್ಪು ಕೊಡಬಹುದಾ?

— ಯಾಕೆ ಎದ್ದೆ ಅಂತ ಕೇಳು ಮೊದಲು. ಆ ಹಾವು ಬಂತಲ್ಲ, ಗ್ರಾಫಿಕ್ಸಿನದ್ದು, ಅದನ್ನು ನೋಡಿ ಎದ್ದೆ. ‘ಆಪ್ತಮಿತ್ರ’ ನೋಡುವಾಗ ನಾನು ಕೂತಲ್ಲಿಂದ ಅಲ್ಲಾಡಿರಲಿಲ್ಲ. ಅದರಲ್ಲಿ ಹೆದರಿಸಿದ್ದು ಒಂದು ಮಂಚ. ಗಂಗೆ ಪೇಟೆಗೆ ಹೋಗಲಿಕ್ಕೆ ಸೀರೆ ಉಟ್ಟು ತಯಾರಾಗಿದ್ದಾಳೆ. ಗಂಡ ಈಗ ಹೋಗುವುದು ಬೇಡ ಅನ್ನುತ್ತಾನೆ. ಡಾಕ್ಟರು ಹೇಳಿಕೊಟ್ಟ ಮಾತು ಅದು, ಅವಳಿಗೆ ಗೊತ್ತಿಲ್ಲ. ಮೊದಲು ಹೆಂಡತಿ ಮುನಿಸಿಕೊಂಡ ಹಾಗೆ ಕೇಳುತ್ತಾಳೆ. ಇನ್ನೊಂದು ಸಲ ಕೇಳುತ್ತಾಳೆ. ಮೂರನೇ ಸಲಕ್ಕೆ ದನಿಯೇ ಬೇರೆ. ಕಣ್ಣು ದೊಡ್ಡದಾಗುತ್ತದೆ, ಕುತ್ತಿಗೆಯ ನರ ಬಿಗಿಯುತ್ತದೆ, ಬಾಯಲ್ಲಿ ತೆಲುಗು. ಕೈ ಮಂಚದ ಕೆಳಗೆ ಹೋಗಿ ಅಷ್ಟು ಭಾರದ ಮಂಚ ಎದ್ದು ನಿಲ್ಲುತ್ತದೆ. ಗಂಡ ‘ಗಂಗಾ’ ಅಂತ ಕೂಗಿದ ಕೂಡಲೇ ಮಂಚ ಕೆಳಗೆ, ಅವಳು ಮತ್ತೆ ಗಂಗೆ, ಆಗಿದ್ದೊಂದೂ ನೆನಪಿಲ್ಲ. ಆ ಮಟ್ಟದ ಒಂದೇ ಒಂದು ದೃಶ್ಯ ಅದರ ಎರಡನೇ ಭಾಗವಾದ ನಿನ್ನ ‘ಆಪ್ತರಕ್ಷಕ’ದಲ್ಲಿ ತೋರಿಸು, ನಾನು ಬಾಯಿ ಮುಚ್ಚುತ್ತೇನೆ.

— ತೋರಿಸಲಿಕ್ಕಾಗುವುದಿಲ್ಲ. ಗಂಗೆ ಮಾಡಿದ ಸೌಂದರ್ಯಗೆ ಸೌಂದರ್ಯಳೇ ಸಾಟಿ. ಆದರೆ ಆ ಮಂಚ ನಮ್ಮ ಮನೆಯದಲ್ಲ, ಮಾವ. 1993ರಲ್ಲಿ ಮಲಯಾಳಂನಲ್ಲಿ ಫಾಸಿಲ್ ‘ಮಣಿಚಿತ್ರತ್ತಾಳ್’ ಮಾಡಿದರು, ಕಥೆ ಬರೆದದ್ದು ಮಧು ಮುಟ್ಟಂ. ಮಂಚ ಮೊದಲು ಎತ್ತಿದ್ದು ಶೋಭನಾ. ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹನ್ನೊಂದು ವರ್ಷ ಬಿಟ್ಟು ಪಿ. ವಾಸು ಅದನ್ನು ಕನ್ನಡಕ್ಕೆ ತಂದರು, ಮರುವರ್ಷ ತಮಿಳಿಗೆ ಒಯ್ದು ರಜನೀಕಾಂತ್ ಕೈಲಿ ‘ಚಂದ್ರಮುಖಿ’ ಮಾಡಿಸಿದರು. 2007ಕ್ಕೆ ಹಿಂದಿಯಲ್ಲಿ ಪ್ರಿಯದರ್ಶನ್ ‘ಭೂಲ್ ಭುಲಯ್ಯಾ’. ನೀವು ‘ಒರಿಜಿನಲ್, ಒರಿಜಿನಲ್’ ಅಂತ ಎದೆ ತಟ್ಟಿಕೊಳ್ಳುವುದು ಎರವಲು ತಂದ ಕಥೆಯನ್ನು ಹಿಡಿದು. ಇಲ್ಲೇ ಹುಟ್ಟಿದ ಕಥೆ ‘ಆಪ್ತರಕ್ಷಕ’. ಅದು ಕನ್ನಡದಲ್ಲಿ ಮೊದಲು ಬಂದು, ಅದೇ ವರ್ಷ ತೆಲುಗಿಗೆ ಹೋಗಿ ವೆಂಕಟೇಶ್ ಮಾಡಿದ ‘ನಾಗವಲ್ಲಿ’ ಆಯಿತು. ಲೆಕ್ಕ ಹಾಕಿದರೆ ಒರಿಜಿನಲ್ ಯಾವುದು?

— ಲೆಕ್ಕ ಸರಿ ಇದೆ, ಪ್ರಯೋಜನ ಇಲ್ಲ. ಕಥೆ ಎಲ್ಲಿಂದ ಬಂತು ಅಂತ ನೋಡುವ ಊರಲ್ಲ ನಮ್ಮದು. ರಾಮಾಯಣ ಮಹಾಭಾರತವೂ ಹೊನ್ನಾವರದಲ್ಲಿ ಹುಟ್ಟಿದ್ದಲ್ಲ. ಮುಗಿಯುವುದು ಹೇಗೆ ಅಂತ ಗೊತ್ತಿದ್ದೂ ಬೆಳಗಿನವರೆಗೆ ಯಕ್ಷಗಾನದ ಆಟ ನೋಡುವವರು ನಾವು. ವೇಷ ಹೇಗೆ ಮಾಡಿದ ಅಂತ ಮಾತ್ರ ಕೇಳುತ್ತೇವೆ.

— ಹಾಂ, ಅಲ್ಲಿಗೇ ಬನ್ನಿ. ಹೊಸಬ ಯಾರೇ ಕೀಚಕ ಮಾಡಲಿ, ಪ್ರವೇಶ ಮುಗಿಯುವುದರೊಳಗೆ ನಿಮ್ಮ ಬಾಯಲ್ಲಿ ಚಿಟ್ಟಾಣಿಯವರ ಹೆಸರು. ಭಸ್ಮಾಸುರ ಬಂದರೂ ಚಿಟ್ಟಾಣಿ, ದುಷ್ಟಬುದ್ಧಿ ಬಂದರೂ ಚಿಟ್ಟಾಣಿ. ಅವರು ತೀರಿಹೋಗಿ ಇಷ್ಟು ವರ್ಷ ಆಯಿತು, 2017ರ ಅಕ್ಟೋಬರ್ ಅಲ್ಲವಾ? ಇನ್ನೂ ಪ್ರತಿ ಹೊಸಬನ ಪಕ್ಕದಲ್ಲಿ ಅವರನ್ನು ನಿಲ್ಲಿಸಿ ಎತ್ತರ ಅಳೆಯುತ್ತೀರಿ. ಪಾಪ, ಆ ಹುಡುಗ ಎಂಥ ಮಾಡಬೇಕು?

— ಹೆಚ್ಚು ಕುಣಿಯಬೇಕು! ಅಳೆಯುವವರು ಇದ್ದದ್ದಕ್ಕೇ ಬಡಗುತಿಟ್ಟು ಈ ಮಟ್ಟಕ್ಕೆ ಬಂದದ್ದು. ಚಿಟ್ಟಾಣಿಯವರನ್ನೂ ಒಂದು ಕಾಲದಲ್ಲಿ ಹಳಬರ ಜೊತೆ ಅಳೆದಿದ್ದಾರೆ ನಮ್ಮ ಅಪ್ಪಂದಿರು. ಅದಿರಲಿ. ಶಿರಾಲಿ ಬಂತು ನೋಡು. ದೆವ್ವದ ಸಿನಿಮಾದ ಮಾತು ಬಂದಾಗ ಈ ಊರಲ್ಲಿ ಒಂದು ಹೆಸರು ಹೇಳಲೇಬೇಕು.

— ಅನಂತನಾಗ್. ‘ನಾ ನಿನ್ನ ಬಿಡಲಾರೆ.’

— 1979. ನಾಗರಕಟ್ಟೆ ಮನೆತನದ ಹುಡುಗ, ಆ ಸುಂದರ ಮುಖ, ಆ ಮುಖದ ಮೇಲೆ ಒಂದು ಹೆಣ್ಣು ಪ್ರೇತ ಬಂದು ಕೂತರೆ ಹೇಗಿರುತ್ತದೆ ಅಂತ ತೋರಿಸಿದ್ದು. ಗಂಡಸಿನ ಮೈಮೇಲೆ ಹೆಣ್ಣಿನ ಸೇಡು. ಅವನು ನಕ್ಕರೆ ಟಾಕೀಸಿನಲ್ಲಿ ಮಕ್ಕಳು ಅಮ್ಮನ ಸೆರಗಿನೊಳಗೆ. ರಾಜನ್–ನಾಗೇಂದ್ರರ ಹಾಡಿಗೆ ಅಂತ ಹೋದವರು ರಾತ್ರಿ ಹೊರಗೆ ಹೋಗಲಿಕ್ಕೆ ಜೊತೆ ಹುಡುಕುತ್ತಿದ್ದರು. ಅದರಲ್ಲಿ ಪ್ರೇತ ಪ್ರೇತವೇ, ಸಂಶಯ ಇಲ್ಲ. ಹೆಂಡತಿಯ ಭಕ್ತಿ ಇದೆ, ಮಂತ್ರಾಲಯದ ರಾಯರಿದ್ದಾರೆ. ಆಮೇಲೆ ಇಪ್ಪತ್ತೈದು ವರ್ಷ ಬಿಟ್ಟು ‘ಆಪ್ತಮಿತ್ರ’ ಬಂದಾಗ ನಾವು ಅದೇ ಗುಂಗಿನಲ್ಲಿ ಹೋಗಿ ಕೂತೆವು. ಪೂಜೆ ಆದೀತು, ಮಂತ್ರವಾದಿ ಬಂದಾನು, ಬೂದಿ ಎರಚಿಯಾನು ಅಂತ. ಬಂದವನು ಅಮೆರಿಕದಿಂದ ಬಂದ ಮನೋವೈದ್ಯ! ದೆವ್ವ ಇಲ್ಲ, ಗಂಗೆಯ ಮನಸ್ಸು ಎರಡಾಗಿದೆ, ನಾಗವಲ್ಲಿಯ ಕಥೆ ಕೇಳಿ ಕೇಳಿ ತಾನೇ ನಾಗವಲ್ಲಿ ಆಗಿದ್ದಾಳೆ ಅಂತ ವಿಷ್ಣುವರ್ಧನ್ ತಣ್ಣಗೆ ಹೇಳಿದರಲ್ಲ, ಆ ಧೈರ್ಯ ನನಗೆ ಇಷ್ಟವಾದದ್ದು. ಹೆದರಿಸುವಷ್ಟು ಹೆದರಿಸಿ, ಕೊನೆಗೆ ದೀಪ ಹಚ್ಚಿ ತೋರಿಸಿದ ಸಿನಿಮಾ. ಎರಡನೆಯದು ಬಂದು ಆ ದೀಪ ಊದಿತು. ನಾಗವಲ್ಲಿಯ ಚಿತ್ರಪಟ ಮನೆಗೆ ಬಂತು, ಮನೆಯವರಿಗೆ ಕೇಡು ಬಂತು, ಕೊನೆಗೆ ನೋಡಿದರೆ ಅವಳನ್ನು ಸುಟ್ಟ ರಾಜ ವಿಜಯ ರಾಜೇಂದ್ರ ಬಹದ್ದೂರ್ ನೂರು ವರ್ಷ ದಾಟಿಯೂ ಬದುಕೇ ಇದ್ದಾನೆ! ಅದೇ ನಿರ್ದೇಶಕ, ಅದೇ ಡಾಕ್ಟರು, ಅದೇ ಅವಿನಾಶರ ಆಚಾರ್ಯರು. ಡಾಕ್ಟರು ಓದಿದ್ದೆಲ್ಲ ಎಲ್ಲಿ ಹೋಯಿತು?

— ಇದು ನಿಮ್ಮ ನಿಜವಾದ ದೂರು. ಹಾವು ನೆಪ.

— ಹಾವೂ ಹೌದು.

— ಸರಿ, ನನ್ನ ದೂರು ಕೇಳಿ. ಮೊದಲ ಸಿನಿಮಾದ ಕೊನೆ ನೆನಪು ಮಾಡಿಕೊಳ್ಳಿ. ದುರ್ಗಾಷ್ಟಮಿ. ನಾಗವಲ್ಲಿಯನ್ನು ರಾಜ ಸುಟ್ಟದ್ದು ಅದೇ ದಿವಸ, ಅವಳ ಪ್ರಿಯಕರ ರಾಮನಾಥನ ತಲೆ ತೆಗೆದು, ಆಮೇಲೆ ಅವಳನ್ನು ಜೀವಂತ. ಈಗ ಗಂಗೆಯ ಕಣ್ಣಿಗೆ ಗಂಡನೇ ರಾಜ. ಅವನನ್ನು ಸುಟ್ಟರೆ ಮಾತ್ರ ನಾಗವಲ್ಲಿ ಬಿಟ್ಟು ಹೋಗುತ್ತಾಳೆ. ಡಾಕ್ಟರು ಮತ್ತು ಆಚಾರ್ಯರು ಸೇರಿ ಒಂದು ಹಲಗೆ ಮಾಡಿಸಿದರು. ಹೊಗೆ ಎಬ್ಬಿಸಿ ಅವಳ ಕಣ್ಣು ತಪ್ಪಿಸಿ ಹಲಗೆ ತಿರುಗಿಸಿದರು, ಗಂಡ ಕೆಳಗೆ ಹೋದ, ರಾಜನ ಗೊಂಬೆ ಮೇಲೆ ಬಂತು. ಅವಳು ಗೊಂಬೆಗೆ ಬೆಂಕಿ ಇಟ್ಟಳು. ಸೇಡು ತೀರಿತು ಅಂತ ಕುಣಿದಳು, ಬಿದ್ದಳು, ಎದ್ದವಳು ಗಂಗೆ. ಟಾಕೀಸಿನವರು ಚಪ್ಪಾಳೆ ಹೊಡೆದರು. ನೀವೂ ಹೊಡೆದಿರಿ.

— ಹೊಡೆದೆ. ಒಂದು ಹೆಣ್ಣುಮಗಳು ಬದುಕಿಕೊಂಡಳು.

— ಗಂಗೆ ಬದುಕಿದಳು. ನಾಗವಲ್ಲಿಗೆ ಮೋಸ ಆಯಿತಲ್ಲ? ಆಂಧ್ರದಿಂದ ರಾಜ ಹೊತ್ತು ತಂದ ನರ್ತಕಿ. ಬದುಕಿದ್ದಾಗ ಅವನು ಮೋಸ ಮಾಡಿದ, ಸತ್ತ ಮೇಲೆ ಒಳ್ಳೆಯವರೆಲ್ಲ ಸೇರಿ ಮೋಸ ಮಾಡಿದರು. ಸೇಡಿನ ಕಥೆಗೆ ಎರಡನೇ ಭಾಗ ಬೇಕೋ ಬೇಡವೋ ಅಂತ ನೋಡುವುದಾದರೆ, ಮೊದಲನೆಯದರಲ್ಲಿ ಯಾರ ಬಾಕಿ ಉಳಿಯಿತು ಅಂತ ನೋಡಬೇಕು. ಇಲ್ಲಿ ಬಾಕಿ ಉಳಿದಿತ್ತು. ‘ಆಪ್ತರಕ್ಷಕ’ ದುಡ್ಡಿಗೆ ಮಾಡಿದ್ದೇ ಇರಲಿ, ಹಾವು ಕೆಟ್ಟದಾಗಿಯೇ ಇರಲಿ, ಅದು ಆ ಬಾಕಿ ನೋಡಿತು. ಸುಟ್ಟದ್ದು ಗೊಂಬೆಯನ್ನು, ಅಸಲಿನವನು ಇನ್ನೂ ಇದ್ದಾನೆ ಅಂತ ಹೇಳಿತು.

— ಇಲ್ಲದ ದೆವ್ವಕ್ಕೆ ಎಂಥ ಬಾಕಿ, ತಂಗಿ? ಡಾಕ್ಟರ ಮಾತು ನಂಬಿದರೆ ಅಲ್ಲಿ ಇದ್ದವಳು ಗಂಗೆ ಒಬ್ಬಳೇ.

— ಸುಟ್ಟದ್ದು ಸುಳ್ಳಾ? ದೆವ್ವ ಇಲ್ಲದೇ ಇರಬಹುದು, ಸುಟ್ಟ ರಾಜ ಇದ್ದನಲ್ಲ ಕಥೆಯಲ್ಲಿ. ಮೊದಲನೇ ಸಿನಿಮಾದಲ್ಲಿ ಆ ರಾಜನ ಬಗ್ಗೆ ಯಾರಿಗಾದರೂ ಸಿಟ್ಟು ಬಂತಾ? ‘ಹೌಲ ಹೌಲ’ ಅಂತ ಕತ್ತಿ ಹಿಡಿದು ವಿಷ್ಣುವರ್ಧನ್ ಬಂದರೆ ಶಿಳ್ಳೆ! ಹೆಂಗಸನ್ನು ಸುಟ್ಟವನಿಗೆ ಶಿಳ್ಳೆ, ಸುಡಿಸಿಕೊಂಡವಳಿಗೆ ಚಿಕಿತ್ಸೆ.

— ಶಿಳ್ಳೆ ರಾಜನಿಗಲ್ಲ ಮಾರಾಯ್ತಿ, ವೇಷಧಾರಿಗೆ. ಕೀಚಕ ಮಾಡಿದ್ದು ಒಳ್ಳೆಯ ಕೆಲಸವಾ? ಅದಕ್ಕೆ ಚಿಟ್ಟಾಣಿಯವರಿಗೆ ಚಪ್ಪಾಳೆ ಬೀಳಲಿಲ್ಲವಾ? ಆದರೆ ಕೀಚಕನನ್ನು ಭೀಮ ಕೊಲ್ಲದೆ ಆಟ ಮುಗಿಯುವುದಿಲ್ಲ. ಅದು ನಿನ್ನ ಪಾಯಿಂಟು, ಅಲ್ಲವಾ?

— ಅದೇ. ‘ಭೀಷ್ಮ ವಿಜಯ’ ನೋಡಿದವರು ನೀವು, ತಾಳಮದ್ದಳೆಯಲ್ಲಿ ಅಂಬೆಯ ಅರ್ಥವನ್ನೂ ಹೇಳಿದವರು. ಆ ಪ್ರಸಂಗದ ಹೆಸರೇ ಭೀಷ್ಮ ಗೆದ್ದ ಅಂತ. ಅಂಬೆಗೆ ಎಂಥ ಸಿಕ್ಕಿತು? ಸ್ವಯಂವರದಿಂದ ಎತ್ತಿಕೊಂಡು ಬಂದ, ಸಾಲ್ವನ ಹತ್ತಿರ ಹೋದರೆ ಅವನು ಬೇಡ ಅಂದ, ಮರಳಿ ಬಂದರೆ ಇವನು ವ್ರತ ಅಂದ, ಪರಶುರಾಮ ಹೊಡೆದಾಡಿಯೂ ಆಗಲಿಲ್ಲ. ಬೆಂಕಿಗೆ ಬಿದ್ದು ಮುಂದಿನ ಜನ್ಮದಲ್ಲಿ ನೋಡಿಕೊಳ್ಳುತ್ತೇನೆ ಅಂದಳು. ಎರಡನೇ ಭಾಗ ಬೇಕೇ ಬೇಕಲ್ಲ ಇದಕ್ಕೆ? ದ್ರುಪದನ ಮನೆಯಲ್ಲಿ ಹುಟ್ಟಿ ಶಿಖಂಡಿಯಾಗಿ ಹತ್ತನೇ ದಿನದ ಯುದ್ಧಕ್ಕೆ ಬರಬೇಕಾಯಿತು. ‘ಅಂಬೆಯ ಕಥೆ ಮೊದಲ ಪ್ರಸಂಗಕ್ಕೇ ನಿಲ್ಲಿಸಬೇಕಿತ್ತು, ಆಮೇಲಿನದ್ದೆಲ್ಲ ಎಳೆದದ್ದು’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

— ಕೇಳಿಲ್ಲ. ಆದರೆ ಒಂದು ಮಾತು ನೀನೇ ಬಿಟ್ಟೆ. ಶಿಖಂಡಿ ಎದುರಿಗೆ ನಿಂತದ್ದು ಹೌದು, ಬಾಣ ಬಿಟ್ಟು ಬೀಳಿಸಿದ್ದು ಹಿಂದೆ ಇದ್ದ ಅರ್ಜುನ. ಬಿದ್ದ ಭೀಷ್ಮನೂ ಅದನ್ನೇ ಹೇಳಿದ, ಇವು ಅರ್ಜುನನ ಬಾಣ, ಶಿಖಂಡಿಯದಲ್ಲ ಅಂತ. ಎರಡು ಜನ್ಮ ಎತ್ತಿಯೂ ಅಂಬೆಯ ಕೈಯಿಂದ ಪೂರ್ತಿ ಆಗಲಿಲ್ಲ.

— ... ಅದು ನಾನು ಹೇಳಬೇಕಾದ ಮಾತು. ‘ಆಪ್ತರಕ್ಷಕ’ದ ನಿಜವಾದ ಸೋಲು ಅದೇ, ಮಾವ. ಕೊನೆಗೆ ಹೊಡೆದಾಡಿದ್ದು ಯಾರು? ಡಾಕ್ಟರು ಮತ್ತು ರಾಜ. ವಿಷ್ಣುವರ್ಧನ್ ಮತ್ತು ವಿಷ್ಣುವರ್ಧನ್. ಅಷ್ಟು ಕಾಲ ಕಾದವಳು ಒಂದು ಬದಿಗೆ. ಮೊದಲನೆಯದರಲ್ಲಿ ಕೈ ಅವಳದು, ವೈರಿ ಗೊಂಬೆ. ಎರಡನೆಯದರಲ್ಲಿ ವೈರಿ ಅಸಲು, ಕೈ ಅವಳದಲ್ಲ. ಹಾವಿಗಿಂತ, ಪಟಕ್ಕಿಂತ ನನ್ನನ್ನು ಕಾಡಿದ್ದು ಇದು. ನೀವು ಎದ್ದು ಹೋಗದೆ ಕೂತಿದ್ದರೆ ಇದನ್ನು ಬೈಯಬಹುದಿತ್ತು.

— ಬೈಯಲಿಕ್ಕೆ ಇನ್ನೂ ಇದೆ. ಮೊದಲನೆಯದರಲ್ಲಿ ಪ್ರೇಮಾಳ ಮೇಲೆ ಸಂಶಯ ಹುಟ್ಟಿಸಿ, ಕೊನೆಗೆ ಗಂಗೆ ಅಂತ ತೋರಿಸಿದ್ದು. ಎರಡನೆಯದರಲ್ಲೂ ಅದೇ ಆಟ, ಮನೆಯ ಹೆಣ್ಣುಮಕ್ಕಳಲ್ಲಿ ಯಾರ ಮೇಲೆ ಬಂದಿದೆ ನಾಗವಲ್ಲಿ ಅಂತ. ವಿಮಲಾ ರಾಮನ್ ಒಳ್ಳೆಯ ನರ್ತಕಿ, ಅಡ್ಡಿಲ್ಲ. ಆದರೆ ಒಂದು ಸಲ ಮೋಸ ಹೋದ ಪ್ರೇಕ್ಷಕ ಎರಡನೇ ಸಲ ಯಾರ ಮೇಲೆ ಬೆರಳು ತೋರಿಸುತ್ತಾರೋ ಅವರನ್ನು ಬಿಟ್ಟು ಉಳಿದವರನ್ನೇ ನೋಡುತ್ತಾನೆ.

— ಅದು ಒಪ್ಪಿದೆ. ಕಥೆ ಮುಂದೆ ಎಳೆಯದೆ ಹಿಂದಿನ ಕಾಲಕ್ಕೆ ಹೋಗಿದ್ದರೆ ಚೆನ್ನಾಗಿತ್ತೇನೋ. ‘ಕಾಂತಾರ’ದವರು ಮಾಡಿದ್ದು ಅದೇ ಜಾಣತನ. 2022ರದ್ದರ ಕೊನೆಯಲ್ಲಿ ನಾಯಕ ಕಾಡಿನಲ್ಲಿ ಮಾಯವಾದ, ಮುಂದೆ ಎಳೆಯಲಿಕ್ಕೆ ಜಾಗ ಇರಲಿಲ್ಲ. ಹೋದ ವರ್ಷ ಬಂದದ್ದು ‘ಚಾಪ್ಟರ್ 1’ ಅಂತ, 2025ರ ಅಕ್ಟೋಬರ್ 2ಕ್ಕೆ. ಕಥೆಯನ್ನು ಕದಂಬರ ಕಾಲಕ್ಕೆ ಒಯ್ದು ಬಿಟ್ಟರು.

— ಕದಂಬರು ಅಂದರೆ ನಮ್ಮ ಜಿಲ್ಲೆಯ ಬನವಾಸಿ, ಹಕ್ಕು ನಮ್ಮದೂ ಇದೆ! ಆದರೆ ಅಲ್ಲೂ ಅದೇ ಪಾಡು. ಮೊದಲನೆಯದರ ಕೊನೆಯ ಹತ್ತು ನಿಮಿಷ ಮೈಯಲ್ಲಿ ಕೂತಿರುವಾಗ ಎಷ್ಟು ದೊಡ್ಡ ಕೋಟೆ ಕಟ್ಟಿದರೂ ಜನ ಆ ಹತ್ತು ನಿಮಿಷವನ್ನೇ ಹುಡುಕುತ್ತಾರೆ. ಗುಣವಂತೆ ದಾಟುತ್ತಾ ಇದ್ದೇವೆ ನೋಡು. ಕೆರೆಮನೆಯವರ ಊರು. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು, ಆಮೇಲೆ ಶಂಭು ಹೆಗಡೆಯವರು, ಈಗ ಶಿವಾನಂದ ಹೆಗಡೆಯವರು. ಪ್ರತಿಯೊಬ್ಬರನ್ನೂ ಹಿಂದಿನವರ ಜೊತೆ ಇಟ್ಟು ನೋಡಿದವರು ನಾವೇ. ನಿನಗೆ ಒಂದು ಹೇಳಬೇಕು. 2009ರ ಫೆಬ್ರವರಿಯಲ್ಲಿ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ‘ಲವಕುಶ’ದ ರಾಮ ಮಾಡುವಾಗ ರಂಗದ ಮೇಲೇ ಅಸ್ವಸ್ಥರಾಗಿ ತೀರಿಕೊಂಡರು. ‘ಲವಕುಶ’ ಅಂದರೆ ರಾಮಾಯಣದ ಎರಡನೇ ಭಾಗವೇ ತಾನೇ? ಆ ದಿನ ನೋಡಿದವರಿಗೆ ಆ ರಾಮನನ್ನು ಬೇರೆ ರಾಮನ ಜೊತೆ ಅಳೆಯುವ ಮನಸ್ಸು ಬರುವುದಿಲ್ಲ. ಅದೇ ವರ್ಷ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಹೋದರು. ‘ಆಪ್ತರಕ್ಷಕ’ ಬಿಡುಗಡೆಯಾದದ್ದು 2010ರ ಫೆಬ್ರವರಿ 19. ಅವರ 200ನೇ ಚಿತ್ರ ಅಂತ ಹೆಸರಾದದ್ದು. ಜನ ಟಿಕೆಟ್ ತೆಗೆದುಕೊಂಡದ್ದು ಸಿನಿಮಾ ನೋಡಲಿಕ್ಕೋ, ಮನುಷ್ಯನನ್ನು ಕಳಿಸಿಕೊಡಲಿಕ್ಕೋ? ಅಂಥ ಸಿನಿಮಾವನ್ನು ಒಳ್ಳೆಯದು ಕೆಟ್ಟದು ಅಂತ ಹೇಗೆ ಹೇಳುವುದು? ನಾನು ಆಗ ಹೋಗಿ ನೋಡಿ ಹೊರಗೆ ಬಂದವನು ಒಂದು ಮಾತೂ ಆಡಿರಲಿಲ್ಲ. ಬೈಯಲಿಕ್ಕೆ ಶುರು ಮಾಡಿದ್ದು ಇತ್ತೀಚೆಗೆ.

— ಹಾಗಾದರೆ ಪೂರ್ತಿ ನೋಡಿದವರೇ! ಅಂದರೆ ನೀವು ಬೈಯುವುದು ಸಿನಿಮಾದ ಮೇಲಿನ ಸಿಟ್ಟಿಗಲ್ಲ.

— ಹದಿನೈದು ವರ್ಷದ ಹಿಂದೆ ನೋಡಿದ್ದು, ಕೊನೆ ಸರಿ ನೆನಪಿರಲಿಲ್ಲ ಅನ್ನು. ಈಗ ನೆನೆದರೆ ವಿಷ್ಣುವರ್ಧನ್ ಒಬ್ಬರೇ ಮೂರು ಜನರಾಗಿದ್ದಾರೆ, ಡಾಕ್ಟರು, ಹರೆಯದ ರಾಜ, ಮುದುಕ ರಾಜ. ಮುದುಕನ ಕಣ್ಣಲ್ಲಿ ಇದ್ದ ವಿಷ ಮೊದಲನೆಯದರಲ್ಲೂ ಇರಲಿಲ್ಲ. ಆ ಒಂದು ವೇಷದ ಮಟ್ಟಿಗೆ ಎರಡನೆಯದು ಮೇಲೆ ಅಂತ ಬೇಕಾದರೆ ಬರೆದುಕೊಡುತ್ತೇನೆ. ಅಷ್ಟು ದೊಡ್ಡ ನಟನ ಸುತ್ತ ಇನ್ನೂ ಗಟ್ಟಿ ಕಥೆ ಹೆಣೆಯಬಾರದಿತ್ತಾ ಅನ್ನುವುದೇ ಸಂಕಟ.

— ಮೊದಲನೆಯದೂ ಹಾಗೇ ಬಂದದ್ದಲ್ಲವಾ? ಸೌಂದರ್ಯ 2004ರ ಏಪ್ರಿಲ್ 17ರ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಸತ್ತ ಹೆಂಗಸೊಬ್ಬಳು ಬದುಕಿದವಳ ಮೈಯಲ್ಲಿ ಬಂದ ಕಥೆ ಪರದೆ ಮೇಲೆ. ನೋಡುವವರಿಗೆ ಆ ಬದುಕಿದವಳೂ ಈಗ ಇಲ್ಲ ಅಂತ ಗೊತ್ತು. ‘ರಾ ರಾ’ ಹಾಡಿಗೆ ಆಗಿನವರು ಯಾಕೆ ಅತ್ತರು ಅಂತ ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು. ಅಮ್ಮ ಈಗಲೂ ಆ ಹಾಡು ಬಂದರೆ ಚಾನೆಲ್ ಬದಲಾಯಿಸುತ್ತಾಳೆ. ನಾಗವಲ್ಲಿಯ ಶಾಪ ಅಂತ ಹೆದರಿಕೆ.

— ನಿನ್ನ ಅಮ್ಮನಿಗೆ ಮೊದಲಿನಿಂದ ಅದೇ. ಎರಡು ಸಾವಿಗೆ ಗಂಟು ಹಾಕಿ ಶಾಪ ಅಂತ ಊರೆಲ್ಲ ಹಬ್ಬಿಸಿದರು. ವಿಮಾನದ ಎಂಜಿನ್ನಿಗೆ ನಾಗವಲ್ಲಿ ಯಾರು ಅಂತ ಗೊತ್ತಿತ್ತಾ? ಕೇರಳದಲ್ಲಿ ಅದೇ ಕಥೆ ಮಾಡಿದ ಶೋಭನಾ, ತಮಿಳಿನಲ್ಲಿ ಮಾಡಿದ ರಜನೀಕಾಂತ್ ಚೆನ್ನಾಗಿಯೇ ಇದ್ದಾರಲ್ಲ. ನೋಡು, ಇದಕ್ಕೇ ನಾನು ಮೊದಲ ಸಿನಿಮಾದ ಪಕ್ಷ. ದೆವ್ವ ಇಲ್ಲ ಅಂತ ಹೇಳಿದ ಸಿನಿಮಾದ ಮೇಲೆ ದೆವ್ವದ ಶಾಪ ಹೊರಿಸಿದ ಊರು ನಮ್ಮದು. ಇಂಥ ಕಡೆ ಎರಡನೆಯದು ಬಂದು ‘ಹೌದು, ಶಾಪ ಇದೆ, ಪಟ ಮುಟ್ಟಬೇಡಿ’ ಅಂದರೆ ಆ ಡಾಕ್ಟರು ಇಷ್ಟು ಹೊತ್ತು ಹೇಳಿದ್ದು ಯಾರಿಗೆ?

— ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಮಾವ. ವಾಸು ಅವರಿಗೂ ಇರಲಿಲ್ಲ ಅನ್ನಿಸುತ್ತದೆ. 2023ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ 2’ ಮಾಡಿದರು, ಕಂಗನಾ ರನೌತ್, ರಾಘವ ಲಾರೆನ್ಸ್. ಮತ್ತೆ ಪ್ರೇತ ಅಸಲು, ಮತ್ತೆ ರಾಜನ ಕತ್ತಿ. ಕನ್ನಡದಲ್ಲಿ ಹಾಕಿದ ದಾರಿಯಲ್ಲೇ ಇನ್ನೂ ಹೋಗುತ್ತಿದ್ದಾರೆ.

— ದಾರಿ ಸರಿಯಿಲ್ಲದಿದ್ದರೆ ಎಷ್ಟು ಹೋದರೂ ಅಷ್ಟೇ. ಶರಾವತಿ ಸೇತುವೆ ಬಂತು, ಕಿಟಕಿ ಸ್ವಲ್ಪ ಹಾಕು, ಗಾಳಿಗೆ ಒಂದೂ ಕೇಳುವುದಿಲ್ಲ... ಹಾಂ. ಈಗ ಹೇಳು, ನೀನಾದರೆ ಎಂಥ ಮಾಡುತ್ತಿದ್ದೆ?

— ಸಿನಿಮಾ ಮಾಡುತ್ತಿರಲಿಲ್ಲ. ತಾಳಮದ್ದಳೆ ಇಡಿಸುತ್ತಿದ್ದೆ. ಹಾವು ಬೇಡ, ಮಂಚ ಬೇಡ, ಗ್ರಾಫಿಕ್ಸಿನವನಿಗೆ ದುಡ್ಡು ಕೊಡುವುದೂ ಬೇಡ. ಎದುರುಬದುರು ಇಬ್ಬರು ಕೂತರೆ ಸಾಕು. ನಾಗವಲ್ಲಿಯ ಅರ್ಥ ನೀವು ಹೇಳಬೇಕು.

— ನಾನಾ! ಈ ಪ್ರಾಯದಲ್ಲಿ? ಅಂಬೆ ಹೇಳಿದ್ದೇ ಮೂರೂರಿಗೆ ಗೊತ್ತಾಗಿ ಇನ್ನೂ ನಗುತ್ತಾರೆ. ಪ್ರಸಂಗ ಯಾರು ಬರೆಯುತ್ತಾರೆ, ಪದ್ಯ ಎಲ್ಲಿದೆ?

— ಪದ್ಯ ಕುಮಟೆಯಲ್ಲಿ ಯಾರಾದರೂ ಬರೆದುಕೊಟ್ಟಾರು. ರಾಜನ ಪಾತ್ರ ಬೇಡವೇ ಬೇಡ, ಅವನ ಬಗ್ಗೆ ಮಾತು ಸಾಕು. ಡಾಕ್ಟರು ಬೇಕು. ಅವನನ್ನು ಹಾಸ್ಯಗಾರರಿಗೆ ಕೊಟ್ಟರೆ ಹೇಗೆ?

— ಹಾಸ್ಯಕ್ಕೆ ಕೊಟ್ಟರೆ ನಾನು ಆ ಕೂಟಕ್ಕೇ ಬರುವುದಿಲ್ಲ. ಡಾಕ್ಟರು ಭೀಷ್ಮನಷ್ಟು ಗಟ್ಟಿ ಇರಬೇಕು, ಇಲ್ಲದಿದ್ದರೆ ಅವಳ ಮಾತಿಗೆ ಬೆಲೆ ಬರುವುದಿಲ್ಲ. ಅವನು ತನ್ನ ವಿದ್ಯೆ ಪೂರ್ತಿ ಮುಂದಿಟ್ಟು, ‘ತಾಯೀ, ನೀನು ಇಲ್ಲವೇ ಇಲ್ಲ, ನೀನು ಗಂಗೆಯ ಮನಸ್ಸಿನ ನೆರಳು’ ಅಂತ ಸಾಧಿಸಬೇಕು. ಅವಳು ಸಮಾಧಾನದಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಬೇಕು: ‘ಇಲ್ಲದವಳಿಗೆ ಗೊಂಬೆ ಯಾಕೆ ಕೊಟ್ಟೆ?’

— ಅಬ್ಬ! ಅದಕ್ಕೆ ಡಾಕ್ಟರು ಎಂಥ ಹೇಳುತ್ತಾನೆ?

— ಅದನ್ನು ನಾನ್ಯಾಕೆ ಹೇಳಲಿ? ಎದುರು ಕೂತ ಅರ್ಥಧಾರಿಯ ತಾಕತ್ತು ಅದು.